ಬೂದು ಬಣ್ಣದ ಜಾಗ

ನಾನು ಒಂದು ಭೂಕಂಪಮಾಪಕ. ಗಾತ್ರ ಸಾರಿನ ಪಾತ್ರೆಯಷ್ಟೇ, ಆದರೆ ಭೂಮಿಯ ಗುಟ್ಟುಗಳಲ್ಲಿ ಅರ್ಧ ನನ್ನ ಹೊಟ್ಟೆಯಲ್ಲಿವೆ. ಉಳಿದರ್ಧ ಹೇಳುವಂಥವಲ್ಲ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ, ಮೂರು ಬೀದಿ ಆಚೆ ಇರುವೆಯೊಂದು ಕೆಮ್ಮಿದ್ದನ್ನು ದಾಖಲಿಸಿದೆ. ಯಂತ್ರಗಳು ಸುಳ್ಳು ಹೇಳುವುದಿಲ್ಲ, ನಂಬಿ.

ನನ್ನನ್ನು ಕೊಂಡವಳು ಇಳಾ ಎಂಬ ವಿಜ್ಞಾನಿ. ನನ್ನನ್ನೂ ನನ್ನ ಒಡಹುಟ್ಟಿದವರನ್ನೂ ದೋಣಿಯಲ್ಲಿ ಕಮರುದ್ವೀಪಕ್ಕೆ ಒಯ್ದಳು. ದ್ವೀಪವೆಂದರೆ ಹೊಗೆ ಬಿಡುತ್ತ ಕೂತ ಒಂದು ಬೆಟ್ಟ, ಬುಡದಲ್ಲಿ ಎರಡು ಕೇರಿ. ಕುಂದಾಪುರದ ಕಡೆಯಿಂದ ಬಂದು ಮೀನು ಒಣಗಿಸಿ ಬದುಕುವ ಮೊಗವೀರರವು: ಪಡುಕೇರಿ, ಮೂಡುಕೇರಿ. ಅವರು ಅಲ್ಲಿ ಇರಬಹುದೇ, ಬಿಟ್ಟು ಹೋಗಬೇಕೇ ಎಂದು ಇಳಾ ಹೇಳಬೇಕಿತ್ತು.

ಅದಕ್ಕೇ ನಾವು. ದೂರದಲ್ಲೆಲ್ಲೋ ನೆಲ ನಡುಗಿದರೆ ಅಲೆಗಳು ಕಲ್ಲಿನೊಳಗೆ ಓಡಿ ಬರುತ್ತವೆ. ಗಟ್ಟಿ ಕಲ್ಲಿನಲ್ಲಿ ಬೇಗ, ಕರಗಿದ ಕಲ್ಲಿನಲ್ಲಿ ತಡ. ಯಾರ ಹತ್ತಿರ ಎಷ್ಟು ತಡವಾಗಿ ಬಂದವೆಂದು ಕೂಡಿಸಿ ನೋಡಿದರೆ, ಬೆಟ್ಟವನ್ನು ಅಗೆಯದೆಯೇ ಅದರ ಹೊಟ್ಟೆಯ ಚಿತ್ರ ಸಿಗುತ್ತದೆ.

ಒಡಹುಟ್ಟಿದವರಿಗೆ ನಿರ್ಜನ ಬಂಡೆಗಳು ಸಿಕ್ಕವು. ನನಗೆ ಸಿಕ್ಕಿದ್ದು ಮೂಡುಕೇರಿಯ ಬಚ್ಚಿಯ ಅಂಗಳ, ಅವಳ ಒರಳಿನ ಪಕ್ಕ. ಅವಳು ಒಣಸಿಗಡಿ ಕುಟ್ಟಿದರೆ ಏಳು ಸಮುದ್ರಗಳು ಎದ್ದು ಕೂರುತ್ತಿದ್ದವು.

“ಬಚ್ಚಕ್ಕ, ಕುಟ್ಟುವುದನ್ನು ಸ್ವಲ್ಪ ಕಡಿಮೆ ಮಾಡ್ತೀರಾ?” ಎಂದಳು ಇಳಾ.

“ಕುಟ್ಟುದ್ ಬಿಟ್ರೆ ಹೊಟ್ಟಿಗೆ ಎಂತ ಹಾಕುದ್, ಅಮ್ಮ? ನಿಮ್ ಡಬ್ಬಿ ಕೆಮಿಗೆ ಹತ್ತಿ ಇಡಿ.”

ಗಂಡ ಶೀನ ಬಲೆ ಹೊಲಿಯುತ್ತಲೇ ಅಂದ: “ಈ ಬಚ್ಚಿ ಬಾಯಿ ನಿಲ್ಸುವ ಡಬ್ಬಿ ಇದ್ರೆ ನಂಗೊಂದ್ ಕೊಡಿ.”

ವರ್ಷವಿಡೀ ದಾಖಲಿಸಿದೆ. ನಮ್ಮ ಕೇರಿಯ ಅಡಿಯಿಂದ ಬಂದ ಅಲೆಗಳೆಲ್ಲ ಕುಂಟುತ್ತಿದ್ದವು. ಅಡಿಯಲ್ಲಿ ಕಲ್ಲು ಕರಗಿ ಕೂತಿದೆ ಎಂದು ಪ್ರತಿ ಗೆರೆಯಲ್ಲೂ ಬರೆದೆ, ಒರಳಿನ ಸದ್ದಿನ ನಡುನಡುವೆ.

ಇಳಾಳ ಮೇಲಧಿಕಾರಿ ನಾಡಿಗೇರರು ಒಮ್ಮೆ ಬಂದು ಅದೇ ಅಂಗಳದಲ್ಲಿ ಕೂತು ನನ್ನ ಬರಹ ನೋಡಿದರು. “ಇದರ ತುಂಬ ಬರೀ ಗದ್ದಲ. ಇದೊಂದನ್ನು ಬಿಟ್ಟು ಚಿತ್ರ ಮಾಡು.”

“ಸರ್, ಕುಟ್ಟದ ಹೊತ್ತಿನದನ್ನು ಆರಿಸಬಹುದು. ಎರಡು ತಿಂಗಳು ಬೇಕು.”

“ವರದಿ ಮುಂದಿನ ವಾರ ಹೋಗಬೇಕು, ಇಳಾ.”

ಅವಳು ನನ್ನ ಕಡೆ ನೋಡಲಿಲ್ಲ. ಚಿತ್ರ ಮಾಡಿದಳು. ಬಿಸಿ ಇದ್ದಲ್ಲಿ ಕೆಂಪು, ಗಟ್ಟಿ ಇದ್ದಲ್ಲಿ ನೀಲಿ. ಪಡುಕೇರಿಯ ಅಡಿ ಒಂದಿಷ್ಟು ಕೆಂಪು. ನಾನಿಲ್ಲದ ಕಾರಣ ಮೂಡುಕೇರಿಯ ಅಡಿ ಬೂದು. ಬೂದು ಎಂದರೆ ಗೊತ್ತಿಲ್ಲ ಎಂದರ್ಥ. ಅದನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಳು.

ತಹಶೀಲ್ದಾರರು ಚಿತ್ರ ಹಿಡಿದು ಬಂದರು. ಸಣ್ಣಕ್ಷರ ಓದುವಷ್ಟು ಸಣ್ಣ ಮನುಷ್ಯರಲ್ಲ ಅವರು. “ಪಡುಕೇರಿ ಕೆಂಪು, ಖಾಲಿ ಮಾಡಿ. ಮೂಡುಕೇರಿಯಲ್ಲಿ ಏನೂ ಕಾಣುವುದಿಲ್ಲ. ಎಲ್ಲರೂ ಈ ಕಡೆ ಬನ್ನಿ.”

ಬಚ್ಚಿ ತನ್ನ ಮೀನಿನ ಕೊಟ್ಟಿಗೆಯನ್ನೇ ಪಡುಕೇರಿಯವರಿಗೆ ಬಿಟ್ಟುಕೊಟ್ಟಳು. “ಬನ್ನಿ, ಬನ್ನಿ. ನಮ್ದ್ ಬೂದಿ ಬಣ್ಣ ಅಂಬ್ರ್. ಬೆಂಕಿ ಆರಿದ್ ಜಾಗ.”

ಆ ಬೇಸಿಗೆಯ ಒಂದು ಮಧ್ಯಾಹ್ನ ಬೆಟ್ಟದ ನೆತ್ತಿ ಸುಮ್ಮನಿತ್ತು. ಮೂಡುಕೇರಿಯ ಹಿಂದಿನ ಇಳಿಜಾರು ಹಳೇ ಬಟ್ಟೆಯಂತೆ ಹರಿದು, ಕೆಂಡದಂಥ ಬೂದಿ ಕೇರಿಯ ಮೇಲೆ ನುಗ್ಗಿತು. ಶೀನ ಬಚ್ಚಿಯನ್ನು ದೋಣಿಗೆ ತಳ್ಳಿ, ಕೊಟ್ಟಿಗೆಯಲ್ಲಿದ್ದವರನ್ನು ಕರೆಯಲು ವಾಪಸು ಓಡಿದ. ಕೊಟ್ಟಿಗೆಯೂ ಉಳಿಯಲಿಲ್ಲ, ಅವನೂ ಬರಲಿಲ್ಲ. ಇಲ್ಲಿ ನಾನು ಏನನ್ನೂ ಹೆಚ್ಚಿಸಿ ಹೇಳುತ್ತಿಲ್ಲ.

ಅರ್ಧ ಬೆಂದ ನನ್ನನ್ನು ಇಳಾ ಬೂದಿಯಿಂದ ತೆಗೆದು ಕಚೇರಿಗೆ ತಂದಳು. ಬಿಟ್ಟಿದ್ದ ನನ್ನ ದಾಖಲೆಯನ್ನು ಆಗ ಕೂತು ಆರಿಸಿದಳು. ಹೊಸ ಚಿತ್ರದಲ್ಲಿ ಮೂಡುಕೇರಿಯ ಅಡಿ ಅಪ್ಪಟ ಕೆಂಪು. ಅದನ್ನು ನೋಡಿ ನಾಡಿಗೇರರು, “ಎಷ್ಟು ಸ್ಪಷ್ಟವಾಗಿ ಬಂದಿದೆ” ಎಂದು ಮೆಚ್ಚಿದರು.

ಮಳೆಗಾಲ ಮುಗಿದ ಮೇಲೆ ಬಚ್ಚಿ ಕಚೇರಿಗೆ ಬಂದಳು. ಕೂರಲಿಲ್ಲ. “ಅಮ್ಮ, ನಿಮ್ಗೆ ಗೊತ್ತಿರ್ಲಿಲ್ಯಾ?”

“ಗೊತ್ತಿಲ್ಲ ಅಂತಲೇ ಬರೆದಿದ್ದೆ, ಬಚ್ಚಕ್ಕ.”

“ನಂಗೆ ಓದುಕೆ ಬತ್ತಿಲ್ಲ. ಬಾಯಲ್ಲ್ ಹೇಳ್ಕಿತ್ತಲ್ದಾ?”

ಬಚ್ಚಿ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು.

ಈಗ ನಾನು ಕಪಾಟಿನ ಮೇಲೆ, ತಂತಿ ಕತ್ತರಿಸಿಕೊಂಡು, ಧೂಳು ಹೊದ್ದು ಕೂತಿದ್ದೇನೆ. ಇಳಾ ಈಗ ಮಾಡುವ ಚಿತ್ರಗಳಲ್ಲಿ ಬೂದು ಬಣ್ಣವಿಲ್ಲ. ಆ ಜಾಗದಲ್ಲಿ ದಪ್ಪಕ್ಷರದಲ್ಲಿ ‘ನಮಗೆ ಗೊತ್ತಿಲ್ಲ’ ಎಂದು ಬರೆಯುತ್ತಾಳೆ. ಅಚ್ಚಿಗೆ ಹೋಗುವ ಮುನ್ನ ನಾಡಿಗೇರರು ಅದನ್ನು ಅಳಿಸುತ್ತಾರೆ. ಅವಳು ಮತ್ತೆ ಬರೆಯುತ್ತಾಳೆ. ಇಷ್ಟು ದಿನದಲ್ಲಿ ಒಮ್ಮೆಯೂ ಅವಳು ಬರೆದಂತೆ ಅಚ್ಚಾಗಿದ್ದನ್ನು ನಾನು ನೋಡಿಲ್ಲ.