ಬಾಂಡ್ಲಿ ಮುಂದಿನ ಜಾಗ

"ಅಲ್ಲೇ ನಿಲ್ಲೇ ಮುಂಡೆ! ನಿನ್ ಗಾಳಿ ಸೋಕಿ ಹುಳ ಸತ್ರೆ ನಿಮ್ಮಪ್ಪ ಬಂದು ಬದುಕಿಸ್ತಾನಾ?"

ಹುಳುಮನೆಯ ಬಾಗಿಲಲ್ಲಿ ನಿಂತು ಕೋದಂಡರಾಮಪ್ಪ ಕೂಗಿದ. ಮುನಿಯಲ್ಲಮ್ಮ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಯನ್ನು ಅಂಗಳದ ಕಲ್ಲಿನ ಮೇಲಿಳಿಸಿ ಹಿಂದೆ ಸರಿದಳು. ಅವನ ಹೆಂಡತಿ ಶಾಮಲಮ್ಮ ಒದ್ದೆ ಕೂದಲಲ್ಲೇ ಬಂದು, ಕುಕ್ಕೆಯ ಅಂಚಿಗೆ ಗಂಜಲದ ಹನಿ ಚಿಮುಕಿಸಿ ಸೊಪ್ಪನ್ನು ಒಳಗೊಯ್ದಳು. ರೇಷ್ಮೆ ಹುಳುವಿಗೆ ಮಡಿ ಬೇಕು. ಕೇರಿಯವರ ನೆರಳು ಬೀಳಬಾರದು.

ಮದುವೆಯಾಗಿ ಬಂದಾಗಿನಿಂದ ಕೋದಂಡರಾಮಪ್ಪನ ತೋಟದ ಸೊಪ್ಪು ಕೊಯ್ದವಳು ಮುನಿಯಲ್ಲಮ್ಮ. ಅದನ್ನು ತಿನ್ನುವ ಹುಳು ಹೇಗಿರುತ್ತದೆಂದು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಮೇಯುವ ಸದ್ದಷ್ಟೇ ಹೊರಗೆ ಕೇಳಿಸುತ್ತಿತ್ತು, ಒಳಗೆ ಯಾರೋ ಮೊರದಲ್ಲಿ ರಾಗಿ ಆಡಿಸುತ್ತಿರುವ ಹಾಗೆ. ಹುಳು ಗೂಡು ಕಟ್ಟಿಕೊಂಡ ಮೇಲೆ ಮಡಿ ಮುಗಿಯುತ್ತಿತ್ತು. ಆಗ ಗೂಡಿನ ಮೂಟೆ ಹೊರುವುದಕ್ಕೆ ಕೇರಿಯವರ ಹೆಗಲೇ ಬೇಕಾಗುತ್ತಿತ್ತು.

ಹಿಂದಿನ ಬೆಳೆಯಲ್ಲಿ ಹಾಗೆ ಮೂಟೆ ಹೊತ್ತು ಶ್ರೀನಿವಾಸಪುರದ ಬಾಷಾ ಸಾಬರ ನೂಲು ತೆಗೆಯುವ ಕೊಟ್ಟಿಗೆಗೆ ಹೋಗಿದ್ದಳು. ಎರಡನೇ ಮಹಾಯುದ್ಧ ಶುರುವಾದ ಮೇಲೆ ರೇಷ್ಮೆ ನೂಲಿಗೆ ಬೇಡಿಕೆ ಏರಿ, ಆ ಬೀದಿಯಲ್ಲಿ ಚರಕಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಸಾಬರ ಹೆಂಡತಿ ಜೈನಾಬಿ ಕುದಿಯುವ ಬಾಂಡ್ಲಿಯ ಮುಂದೆ ಕೂತು ಗೂಡುಗಳಿಂದ ಎಳೆ ತೆಗೆಯುತ್ತಿದ್ದಳು. ಅವಳ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು.

"ಒಂದ್ ಗಳಿಗೆ ಹಿಡ್ಕೊ ತಾಯಿ."

"ನಾನು ಮುಟ್ಬಹುದಾ ಅಮ್ಮಾ?"

"ಮುಟ್ಟದೆ ನೂಲು ಬರ್ತದಾ?" ಜೈನಾಬಿ ನಕ್ಕಳು.

ಮೊದಮೊದಲು ಎಳೆ ಹರಿಯಿತು. ಆಮೇಲೆ ಐದಾರು ಗೂಡುಗಳ ಎಳೆ ಒಂದಾಗಿ, ಮುನಿಯಲ್ಲಮ್ಮನ ಬೆರಳ ಸಂದಿಯಿಂದ ಓಡಿ ಚಕ್ರಕ್ಕೆ ಸುತ್ತಿಕೊಂಡಿತು. ತಾನು ಇಷ್ಟು ಕಾಲ ಕೊಯ್ದ ಸೊಪ್ಪು ಕೊನೆಗೆ ಇದಾಗುತ್ತದೆ ಎಂಬುದನ್ನು ಅವಳು ಕಣ್ಣಾರೆ ಕಂಡದ್ದು ಅಂದೇ. ಹೊರಡುವಾಗ ಜೈನಾಬಿ ಅವಳ ಕೆಂಪಾದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿ, "ಕೆಲಸಕ್ಕೆ ಬಾ. ಜಾಗ ಐತೆ" ಎಂದಳು.

ಗಂಡ ಸೊಣ್ಣಪ್ಪನಿಗೆ ಇದು ಸರಿಬೀಳಲಿಲ್ಲ. ಅವನು ಕೋದಂಡರಾಮಪ್ಪನ ಗಾಡಿ ಹೊಡೆಯುವವನು.

"ಸತ್ತ ಹುಳದ ನಾತ ಕುಡಿಯಾಕೆ ಅಷ್ಟು ದೂರ ಹೋಗ್ತೀಯೇನೇ?"

"ನಾತ ಇದ್ರೇನು? ಅಲ್ಲಿ ಯಾರೂ ನನ್ ನೆರಳು ಅಳೀತಾ ಕೂರಲ್ಲ. ನಾನ್ ಮಾಡಿದ್ದು ನನ್ ಕಣ್ಮುಂದೆ ಸುತ್ಕೊಳ್ತದೆ ಕಣಯ್ಯಾ. ಇಲ್ಲಿ ಕೊಯ್ದೂ ಕೊಯ್ದೂ ಏನ್ ನೋಡಿದೀನಿ?"

"ಗುಡಿಸ್ಲು ಅವನ ಜಾಗದಾಗೈತೆ. ಕಿತ್ತು ಬಿಸಾಕ್ತಾನೆ."

ಸೊಣ್ಣಪ್ಪ ತನ್ನ ಮುದ್ದೆ ಮುರಿದು ಅರ್ಧವನ್ನು ಅವಳ ತಟ್ಟೆಗೆ ಹಾಕಿದ.

ಈ ಬೆಳೆಯ ಹುಳು ಹಣ್ಣಾಗಿ ಮೇವು ಬಿಡುವ ಹೊತ್ತಿಗೆ ಅವಳೇ ಬಾಯಿಬಿಟ್ಟಳು. ಕೋದಂಡರಾಮಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ.

"ಬುದ್ಧಿ, ಇನ್ಮೇಲೆ ಸೊಪ್ಪಿಗೆ ಬೇರೆಯೋರ್ನ ನೋಡ್ಕೊಳ್ಳಿ. ನಾನು ಸಾಬ್ರ ಕೊಟ್ಟಿಗೇಲಿ ನೂಲು ತೆಗೀತೀನಿ."

"ಏಮೇ? ಏನಂದೆ?" ಅವನು ಒಳಕ್ಕೆ ತಿರುಗಿ ಕೂಗಿದ. "ಲೇ ಶಾಮಲಾ, ಕೇಳಿದೇನೇ? ನಮ್ ಮುನಿಯಲ್ಲಿ ರೇಷ್ಮೆ ನೂಲು ತೆಗೀತಾಳಂತೆ! ಇವಳು ಮುಟ್ಟಿದ್ದು ಉಟ್ಕೊಂಡು ನೀನು ಪೂಜೆಗೆ ಕೂತ್ಕೊ!"

ಶಾಮಲಮ್ಮ ನಗಲಿಲ್ಲ. "ಹೋದ್ರೆ ಹೋಗ್ಲಿ ಬಿಡಿ, ಪಾಪ" ಎಂದಳು, ಮೆಲ್ಲಗೆ.

"ನೀನು ಬಾಯ್ಮುಚ್ಚು." ಅವನು ಎಲೆಯನ್ನು ಮುನಿಯಲ್ಲಮ್ಮನ ಕಾಲ ಬಳಿ ಉಗಿದ. "ನಿಮ್ಮತ್ತೆ ಕೊಯ್ದ್ಲು, ನೀನು ಕೊಯ್ತೀಯ, ನಾಳೆ ನಿನ್ ಸೊಸೆ ಕೊಯ್ತಾಳೆ. ಇವತ್ತು ನೀನೆದ್ದು ಹೋದ್ರೆ ನಾಳೆ ಕೇರಿಗೆ ಕೇರೀನೇ ಏಳ್ತದೆ. ಹೋಗ್ ನೋಡು. ನಿನ್ ಗುಡಿಸ್ಲಿನ ಗಳ ನನ್ ಒಲೇಲಿ ಉರೀತದೆ."

ಹುಳು ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟತೊಡಗಿದ ಮರುದಿನ, ಮುನಿಯಲ್ಲಮ್ಮ ಕುಡುಗೋಲನ್ನು ಅವನ ಜಗಲಿಯ ಮೇಲಿಟ್ಟು ಶ್ರೀನಿವಾಸಪುರದ ದಾರಿ ಹಿಡಿದಳು. ಅವನು ಗುಡಿಸಲಿಗೆ ಕೂಡಲೇ ಕೈಹಾಕಲಿಲ್ಲ. ಗೂಡು ಸಾಗಿಸಲು ಸೊಣ್ಣಪ್ಪ ಬೇಕಾಗಿದ್ದ.

ವಾರ ಕಳೆದು, ಗಾಡಿ ತುಂಬ ಗೂಡು ಹೇರಿಸಿಕೊಂಡು ಕೋದಂಡರಾಮಪ್ಪ ಕೊಟ್ಟಿಗೆಯ ಮುಂದೆ ಬಂದಿಳಿದ. ಬಾಂಡ್ಲಿಯ ಮುಂದೆ ಕೂತಿದ್ದವಳನ್ನು ಕಂಡು ಅವನ ಮುಖ ಕಪ್ಪಿಟ್ಟಿತು.

"ಸಾಬ್ರೇ, ಇವಳನ್ನ ಎಬ್ಬಿಸಿ ಓಡಿಸ್ರಿ. ಇಲ್ದಿದ್ರೆ ನನ್ ಗೂಡು ಹಿಂದಕ್ಕೆ ಹೋಗ್ತದೆ."

"ಹಿಂದಕ್ಕೆ ಹೊತ್ತು ಏನ್ ಮಾಡ್ತೀರಿ ಗೌಡ್ರೆ? ನಾಳೆ ನಾಡಿದ್ದು ಚಿಟ್ಟೆ ಗೂಡು ಕೊರ್ದು ಆಚೆ ಬರ್ತದೆ. ಆಮೇಲೆ ನೂಲೆಲ್ಲಿ?"

"ಹಾಳಾಗ್ಲಿ. ಮುಂದಿನ್ ಬೆಳೆಗೆ ಈ ಸೀಮೇಲಿ ನಿಮಗೆ ಗೂಡು ಯಾವನ್ ಕೊಡ್ತಾನೆ ನೋಡ್ತೀನಿ."

ಬಾಷಾ ಸಾಬರು ಗಡ್ಡ ನೀವಿಕೊಂಡರು. ಅವರ ದನಿ ಇಳಿಯಿತು. "ಮುನಿಯಲ್ಲಮ್ಮಾ, ನಾವೂ ಬದುಕ್ಬೇಕಲ್ಲಾ. ಇವತ್ತೊಂದಿನ ಎದ್ದು ಹಿತ್ಲಿಗೆ ಹೋಗಮ್ಮಾ."

"ಎದ್ರೆ ಎಳೆ ಹರೀತದೆ ಸಾಬ್ರೆ."

ಅವಳು ತಲೆ ಎತ್ತಲಿಲ್ಲ. ಜೈನಾಬಿ ಬೆರಳು ಅದ್ದಿಕೊಳ್ಳಲೆಂದು ತಣ್ಣೀರಿನ ಚೊಂಬನ್ನು ಅವಳ ಪಕ್ಕಕ್ಕೆ ಸರಿಸಿದಳು.

ಕೋದಂಡರಾಮಪ್ಪ ಒಳಗೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಅವಳನ್ನು ಹಿಡಿದೆಳೆಯಬೇಕೆಂದರೆ ಮುಟ್ಟಬೇಕು.

"ಲೇ ಸೊಣ್ಣಾ, ಸೂಳೆಮಗ್ನೇ! ಬಾರುಕೋಲು ತಗೊಂಡ್ ಬಾರೋ! ನಿನ್ ಹೆಂಡ್ರನ್ನ ಜುಟ್ಟು ಹಿಡ್ದು ಎಳಿ ಆಚೆಗೆ!"

ಚರಕ ತಿರುಗಿಸುತ್ತಿದ್ದ ಆಳು ಹೆದರಿ ಎದ್ದು ಗೋಡೆಗಾತುಕೊಂಡ. ಚಕ್ರ ನಿಂತಿತು. ಬಾರುಕೋಲು ಹಿಡಿದು ಬಂದ ಸೊಣ್ಣಪ್ಪ ಹೆಂಡತಿಯ ಬೆಂದ ಬೆರಳುಗಳನ್ನು ನೋಡಿದ. ಅವುಗಳ ನಡುವಿನಿಂದ ಚಕ್ರದವರೆಗೆ ಹೊಳೆಯುತ್ತಿದ್ದ ಎಳೆಯನ್ನೂ ನೋಡಿದ.

"ಇದೇನಾ?"

"ಊಂ. ಇದೇ."

"ಏನ್ಲಾ ಮಾತು? ಎಳಿಯೋ!"

ಸೊಣ್ಣಪ್ಪ ಬಾರುಕೋಲನ್ನು ಮೂಲೆಗೆ ಒರಗಿಸಿ, ಚರಕದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಎತ್ಲಾಗೆ ತಿರುಗಿಸ್ಬೇಕೇ?"

"ನಿನ್ ಕಡೀಗೆ. ಮೆಲ್ಗೆ."

ಕೋದಂಡರಾಮಪ್ಪ ಬೀದಿಗಿಳಿದು, ಗುಡಿಸಲಿಗೆ ಇವತ್ತೇ ಬೆಂಕಿ ಎಂದು ಊರಿಗೆಲ್ಲ ಕೇಳುವಂತೆ ಕಿರುಚತೊಡಗಿದ. ಸೊಣ್ಣಪ್ಪ ತಟ್ಟನೆ ಬೀದಿಯತ್ತ ತಿರುಗಿದ. ಚಕ್ರ ಜಗ್ಗಿ ಎಳೆ ಹರಿಯಿತು.

ಮುನಿಯಲ್ಲಮ್ಮ ಕುದಿಯುವ ನೀರಿನಲ್ಲಿ ಬೆರಳಿಟ್ಟು ಇನ್ನೊಂದು ಎಳೆ ಹುಡುಕಿದಳು.

"ತಿರುಗ್ಸು" ಎಂದಳು.