ಸರಪಳಿಯವನ ಶನಿವಾರ

"ಹಿಂದಂಚು ಅಂದ್ನಲ್ಲ, ಮುಂದಂಚಲ್ಲ," ಎಂದು ಲೀಲಂಡ್ ಕುಚೆರಾ ಮಂಡಿಯೂರಿಕೊಂಡೇ ಹೇಳಿದ. ಬೆಳಗಿನಿಂದ ಇದು ನಾಲ್ಕನೆಯ ಸಲ.

ಅವನ ಹೆಂಡತಿಯ ತಮ್ಮ ಡೆಲ್ಬರ್ಟ್ ಕೆಂಪು ಉಣ್ಣೆಯ ಕೈಗವಸಿನಿಂದ ಹುಲ್ಲಿನ ಮೇಲಿನ ಬಿಳಿ ಗೆರೆಯನ್ನು ತಟ್ಟಿದ. "ಇದಾ?"

"ಅದು ಮುಂದಂಚು."

"ಭಾವ, ಗೆರೆ ಇರೋದೇ ಇಷ್ಟಗಲ. ಅದಕ್ಕೂ ಹಿಂದು ಮುಂದು ಅಂತ ಪಾಲು ಮಾಡ್ತೀಯಲ್ಲ, ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ!"

"ಕೈಗವಸು ತೆಗಿ. ಅದನ್ನ ಹಾಕ್ಕೊಂಡು ಕ್ಲಿಪ್ ಹಾಕೋಕಾಗಲ್ಲ."

"ಚಳಿಗೆ ಬೆರಳು ಉದುರಿಹೋದ್ರೆ ನೀನು ಹುಡುಕಿಕೊಡ್ತೀಯಾ?"

ಕ್ಲಿಪ್ ಎಂದರೆ ಹೆಬ್ಬೆರಳುದ್ದದ ಹಿತ್ತಾಳೆಯ ತುಂಡು, ಅಷ್ಟೆ. ಟರ್ನರ್ ಫೋರ್ಕ್ ಊರಿನವರ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಮೈಮೇಲೆ ಬೀಳುವವರ ನಡುವೆ ನುಗ್ಗುವ ಆಟ. ನಾಲ್ಕು ಯತ್ನದೊಳಗೆ ಹತ್ತು ಗಜ ದಾಟಿದರೆ ಚೆಂಡು ನಿಮ್ಮಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಎದುರಾಳಿಯ ಪಾಲು. ಆ ಹತ್ತು ಗಜವನ್ನು ಅಳೆಯುವುದಕ್ಕೆ ಮೈದಾನದ ಅಂಚಿನಲ್ಲಿ ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ. ಹತ್ತಿರದ ಬಿಳಿ ಗೆರೆಯ ಹಿಂದಂಚಿಗೆ ಸರಪಳಿಯ ಯಾವ ಕೊಂಡಿ ಬರುತ್ತದೋ ಅದಕ್ಕೆ ಕ್ಲಿಪ್ ಕಚ್ಚಿಸಿಡಬೇಕು. ಹತ್ತು ಗಜ ಆಯಿತೋ ಇಲ್ಲವೋ ಎಂಬ ಅನುಮಾನ ಬಂದಾಗ ಸರಪಳಿಯನ್ನು ಮೈದಾನದ ನಡುವೆ ಒಯ್ದು, ಕ್ಲಿಪ್ಪನ್ನು ಅದೇ ಗೆರೆಯ ಅದೇ ಅಂಚಿಗೆ ಒತ್ತಿ ಹಿಡಿಯಬೇಕು. ಆಗ ಮುಂದಿನ ಕೋಲು ತೀರ್ಪು ಹೇಳುತ್ತದೆ. ಈ ಕೆಲಸಕ್ಕೆ ಸಂಬಳವಿಲ್ಲ. ಮಧ್ಯಾಹ್ನ ಮಾಂಸ, ಬೀನ್ಸು ಹಾಕಿ ಖಾರವಾಗಿ ಬೇಯಿಸಿದ ಚಿಲ್ಲಿ ಒಂದು ಬಟ್ಟಲು, ಜೊತೆಗೊಂದು ದಾಲ್ಚಿನ್ನಿ ರೊಟ್ಟಿ. ಲೀಲಂಡ್ ಮೂವತ್ತನಾಲ್ಕು ವರ್ಷದಿಂದ ಅದನ್ನು ಮಾಡಿಕೊಂಡು ಬಂದಿದ್ದ. ಇವತ್ತು ಅದನ್ನು ಡೆಲ್ಬರ್ಟನ ಕೈಗೆ ಒಪ್ಪಿಸಬೇಕಿತ್ತು.

ಮಂಗಳವಾರ ಊರಿನ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಪತ್ರ ಬಂದಿತ್ತು. ಸತತ ಇಪ್ಪತ್ತೇಳು ಪಂದ್ಯ ಸೋತ ತಂಡವನ್ನು ಇನ್ನು ಸಾಕಲಾಗದು, ಈ ಶನಿವಾರದ ಪಂದ್ಯವೇ ಕಡೆಯದು ಎಂದು ಬಹಳ ನಾಜೂಕಾಗಿ ಬರೆದಿದ್ದರು. ಬುಧವಾರ ಬೆಳಗಾಗುವಷ್ಟರಲ್ಲಿ ಬೇರೆ ಕಾಲೇಜುಗಳ ಕೋಚ್‌ಗಳು ಬಂದು ಜಿಮ್ಮಿನ ಬಾಗಿಲಲ್ಲಿ ನಿಂತಿದ್ದರು, ಒಳ್ಳೆಯ ಹುಡುಗರನ್ನು ಆರಿಸಿಕೊಂಡು ಹೋಗುವುದಕ್ಕೆ. ಲೀಲಂಡ್ ನಿವೃತ್ತ ಅಂಚೆಯವ. ಕೆಟ್ಟ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿ ಅಭ್ಯಾಸವಿದ್ದವನು. ಆದರೂ ಪತ್ರ ಬಂದ ಮಂಗಳವಾರ ರಾತ್ರಿ ಊಟ ಸೇರಲಿಲ್ಲ. ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಫೋರ್ಕಿನಿಂದ ಆಚೆಗೊಮ್ಮೆ ಈಚೆಗೊಮ್ಮೆ ತಳ್ಳುತ್ತ ಕೂತಿದ್ದ. ಆಗ ಮಾರ್ಜೀನ್ ಮಾತು ತೆಗೆದಳು.

"ಶನಿವಾರ ನನ್ನ ಪಕ್ಕ ಕೂತ್ಕೋ."

"ಎಲ್ಲಿ?"

"ಎಲ್ಲಿ ಅಂದ್ರೆ? ಪಂದ್ಯದಲ್ಲಿ. ನಮ್ಮವರ ಕಡೆ. ಎಲ್ಲರ ಗಂಡಂದಿರೂ ಕೂರೋ ಜಾಗದಲ್ಲಿ."

"ಮತ್ತೆ ಸರಪಳಿ..."

"ಸರಪಳಿಗೇ ತಾಳಿ ಕಟ್ಟಿದೀಯ ಅನ್ನೋ ಹಾಗಾಡ್ಬೇಡ," ಎಂದಳು. ಮಾರ್ಜೀನ್ ದನಿ ಏರಿಸುವವಳಲ್ಲ. ಊರ ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಾಡಿ ಸಿಟ್ಟನ್ನೂ ಪಿಸುಮಾತಿನಲ್ಲೇ ತೋರಿಸುವುದು ರೂಢಿಯಾಗಿತ್ತು. "ಮೂವತ್ತನಾಲ್ಕು ವರ್ಷ ಆಯ್ತು ಲೀಲಂಡ್. 'ನಿಮ್ಮೆಜಮಾನ್ರು ಎಲ್ಲಿ' ಅಂತ ಕೇಳಿದೋರಿಗೆಲ್ಲ ಮೈದಾನದ ಆಚೆಗೆ ಕೈ ತೋರಿಸಿದೀನಿ. ಈಗ ಯಾರೂ ಕೇಳೋದೂ ಇಲ್ಲ. ಒಂದೇ ಒಂದು ಸಲ. ಮುಂದಿನ ವರ್ಷ ಅನ್ನೋಕೆ ಇನ್ನು ಮುಂದಿನ ವರ್ಷ ಇಲ್ಲ."

ಸರಪಳಿಯವರು ನಿಲ್ಲುವುದು ಎದುರು ತಂಡದ ಬದಿಯಲ್ಲಿ. ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ, ಮುಖದಲ್ಲಿ ಸಂತೋಷವನ್ನೂ ತೋರಿಸುವಂತಿಲ್ಲ. ತನ್ನೂರಿನ ತಂಡವನ್ನು ಅವನು ಮೂವತ್ತನಾಲ್ಕು ವರ್ಷ ಪ್ರೀತಿಸಿದ್ದು ಪರರ ನಡುವೆ ನಿಂತು, ತುಟಿ ಬಿಗಿದುಕೊಂಡು. ಒಂದು ವರ್ಷ, ಪ್ರಶಸ್ತಿ ಕೈಗೆ ಬಂದೇಬಿಟ್ಟಿತು ಎನ್ನುವಾಗ, ಅವನ ಸರಪಳಿಯೇ ಊರಿನ ತಂಡಕ್ಕೆ ಒಂದು ಕೊಂಡಿ ಕಮ್ಮಿ ಎಂದಿತ್ತು. ಎರಡು ತಿಂಗಳು ಕ್ಷೌರದಂಗಡಿಯವನು ಅವನೊಡನೆ ಮಾತಾಡದೆ ಕೂದಲು ಕತ್ತರಿಸಿದ್ದ. ಆ ದಿನ ಜನ ಲೀಲಂಡನನ್ನು ಬೈದದ್ದನ್ನೆಲ್ಲ ಕೇಳಿಸಿಕೊಂಡವಳು ಮಾರ್ಜೀನ್, ಒಬ್ಬಳೇ, ಆ ಬೈಯುವವರ ನಡುವೆಯೇ ಕೂತು. ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು: ನಿಜವಾಗಿ ಕಮ್ಮಿಯಿತ್ತಾ? ಇತ್ತು ಎಂದ. ಹಾಗಿದ್ರೆ ಸರಿ ಎಂದು ಸೂಪು ಬಿಸಿ ಮಾಡಿದ್ದಳು. ಅದೆಲ್ಲ ನೆನಪಾಗಿ ಲೀಲಂಡ್ ಮಂಗಳವಾರ ರಾತ್ರಿಯೂಟದಲ್ಲೇ ಒಪ್ಪಿಕೊಂಡಿದ್ದ.

ಒಪ್ಪಿಕೊಂಡದ್ದೇನೋ ನಿಜ. ಆದರೆ ಶನಿವಾರ ಒಂದು ಗಂಟೆಗೆ ಆಟ ಶುರುವಾದಾಗ ಕ್ಲಿಪ್ ಅವನ ಬರಿಗೈಯಲ್ಲೇ ಇತ್ತು.

"ಮೊದಲನೇ ಕಾಲು ಭಾಗ ನಾನು ಮಾಡ್ತೀನಿ. ನೀನು ನೋಡ್ಕೋ," ಎಂದ ಡೆಲ್ಬರ್ಟನಿಗೆ.

ಮೊದಲ ಕಾಲು ಭಾಗ ಮುಗಿಯಿತು. ಹದಿನಾಲ್ಕು ಸೊನ್ನೆ, ನಮ್ಮದು ಸೊನ್ನೆ. ಡೆಲ್ಬರ್ಟ್ ಕೈ ಚಾಚಿದ. ಲೀಲಂಡ್, "ಗಾಳಿ ತಿರುಗಿದೆ, ಸರಪಳಿ ಎಳೀತದೆ, ಇನ್ನೊಂದು ಸ್ವಲ್ಪ ನೋಡು," ಎಂದ. ಗಾಳಿಗೂ ಸರಪಳಿಗೂ ಏನು ಸಂಬಂಧ ಎಂದು ಅವನಿಗೂ ತಿಳಿಯದು.

"ಅಕ್ಕ ಆ ಕಡೆಯಿಂದ ನೋಡ್ತಿದಾಳೆ ಭಾವ."

"ಅಷ್ಟು ದೂರದಿಂದ ನಿಂಗೆ ಹೇಗೆ ಗೊತ್ತಾಯ್ತು?"

"ನನ್ನ ಬೆನ್ನು ಉರೀತಿದೆ."

ಲೀಲಂಡ್ ತಲೆಯೆತ್ತಿ ನೋಡಿದ. ಆಟ ನಡೆಯುವಾಗ ಅವನು ಎಂದೂ ಜನ ಕೂರುವ ಮೆಟ್ಟಿಲುಗಳ ಕಡೆ ನೋಡಿದವನಲ್ಲ; ಕಣ್ಣು ಗೆರೆ ಬಿಟ್ಟು ಕದಲಬಾರದೆಂಬುದು ಅವನೇ ಹಾಕಿಕೊಂಡ ನಿಯಮ. ನಾನೂರು ಜನ ಇದ್ದರೆ ಹೆಚ್ಚು. ನೀಲಿ ಕೋಟಿನ ಮಾರ್ಜೀನ್ ಕೆಳಗಿನಿಂದ ಮೂರನೆಯ ಸಾಲಿನ ತುದಿಯಲ್ಲಿದ್ದಳು. ಅವಳು ಅವನನ್ನು ನೋಡುತ್ತಿರಲಿಲ್ಲ. ಮುಂದಿನ ಸಾಲಿನವರು ಏನೋ ಹೇಳಿದರು, ನಕ್ಕಳು, ಆಮೇಲೆ ಪಕ್ಕದ ಖಾಲಿ ಜಾಗದ ಮೇಲೆ ಗಾಳಿಗೆ ಮಗುಚಿದ್ದ ಕಂಬಳಿಯ ಮೂಲೆಯನ್ನು ಅಂಗೈಯಿಂದ ಸವರಿ ಸರಿಮಾಡಿದಳು. ಅದೆಷ್ಟು ವರ್ಷದಿಂದ ಹೀಗೆ ಸರಿಮಾಡಿರಬಹುದು ಎಂದು ಲೀಲಂಡನಿಗೆ ಒಮ್ಮೆಲೇ ಹೊಳೆಯಿತು. ಆಟದ ಮೇಲಿನ ಆಸೆ, ಅವಳ ಮೇಲಿನ ಆಸೆ, ಎರಡೂ ಒಟ್ಟಿಗೆ ಎದೆಗೆ ಬಂದವು. ಯಾವುದು ಯಾವುದೆಂದು ಬಿಡಿಸಿ ನೋಡಲು ಅವನಿಗಾಗಲಿಲ್ಲ.

ಮಧ್ಯಂತರದ ಸೀಟಿ ಊದಿದ ಕೂಡಲೇ ಕ್ಲಿಪ್ಪನ್ನು ಡೆಲ್ಬರ್ಟನ ಕೈಗವಸಿನೊಳಗೆ ತುರುಕಿದ.

"ಹಿಂದಂಚು," ಎಂದ.

"ಹೋಗು ಮಾರಾಯ, ಹೋಗು."

ಗೋಲು ಕಂಬಗಳ ಹಿಂದಿನಿಂದ ಸುತ್ತಿಕೊಂಡು, ಪರಿಚಯದವರಿಗೆಲ್ಲ ಕಳ್ಳನ ಹಾಗೆ ತಲೆಯಾಡಿಸುತ್ತ ಮೆಟ್ಟಿಲೇರಿದ. ಮಾರ್ಜೀನ್ ಅವನನ್ನು ಕಂಡಳು. ಕಂಬಳಿ ಎತ್ತಿ ಜಾಗ ಬಿಟ್ಟಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು.

"ಅರ್ಧ ಆಟ ಮುಗಿದೇ ಹೋಯ್ತು," ಎಂದಳು ಆಮೇಲೆ.

"ಡೆಲ್ಬರ್ಟನಿಗೆ ಬೇಗ ತಲೆಗೆ ಹೋಗಲ್ಲ."

"ಅವನ ಮೇಲೆ ಹಾಕ್ಬೇಡ."

ಈ ಬದಿಯಿಂದ ಆಟವೇ ಬೇರೆಯಾಗಿತ್ತು. ಎಡಕ್ಕಿದ್ದದ್ದು ಬಲಕ್ಕೆ ಬಂದಿತ್ತು. ಊರಿನ ತಂಡದ ಹುಡುಗರು ಅವನಿಗೆ ಯಾವಾಗಲೂ ದೂರದ ಪುಟ್ಟ ಮುಖಗಳು. ಈಗ ಕೈಯಳತೆಯಲ್ಲಿ ಅವರ ಬೆನ್ನು, ಅವರ ಉಸಿರಿನ ಹಬೆ, ಒಬ್ಬನ ಕತ್ತಿನ ಹಿಂದೆ ಅಮ್ಮ ಹಚ್ಚಿದ್ದೋ ಏನೋ ಒಂದು ಹೊಸ ಪ್ಲಾಸ್ಟರು. ಅವರು ಒಬ್ಬರನ್ನೊಬ್ಬರು ಬೈಯುವುದೂ ಕೇಳುತ್ತಿತ್ತು. ಇಷ್ಟು ಹತ್ತಿರದಲ್ಲಿದ್ದರಲ್ಲ ಇವರು, ಎಂದುಕೊಂಡ. ಸೋಮವಾರ ಇವರಲ್ಲಿ ಅರ್ಧ ಜನ ಬೇರೆ ಊರಿನ ಬಸ್ಸಿನಲ್ಲಿರುತ್ತಾರೆ.

ಮೂರನೆಯ ಭಾಗದಲ್ಲಿ ನಮ್ಮವರು ಹೇಗೋ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸಿದರು. ಎಲ್ಲರೂ ಎದ್ದು ಕೂಗಿದರು. ಲೀಲಂಡನೂ ಎದ್ದ, ಬಾಯಿ ತೆರೆದ. ಬಂದದ್ದು ಒಂದು ಕೆಮ್ಮು.

"ಇದೇನು, ಕೂಗಿದ್ದಾ?" ಎಂದಳು ಮಾರ್ಜೀನ್.

"ಅಭ್ಯಾಸ ತಪ್ಪಿದೆ."

"ತಪ್ಪೋಕೆ ಅಭ್ಯಾಸ ಇತ್ತು ಯಾವಾಗ? ಬೆಕ್ಕಿಗೆ ಗಂಟಲಲ್ಲಿ ಕೂದಲು ಸಿಕ್ಕಿದ ಹಾಗಿತ್ತು." ಮುಂದಿನ ಸಾಲಿನವರು ತಿರುಗಿ ನಕ್ಕರು. ಅವನೂ ನಕ್ಕ, ಆದರೆ ಒಳಗೊಳಗೆ ಬೇಸರವಾಯಿತು. ಕೊನೆಯ ದಿನ ಬಂದು ಕೂತೂ ಒಂದು ಕೂಗು ಕೂಗಲಾಗಲಿಲ್ಲವಲ್ಲ ಎನಿಸಿತು.

ಆಟ ಮುಗಿಯಲು ಮೂರು ನಿಮಿಷ ಉಳಿದಿದ್ದಾಗ ಅಂಕ ಮೂವತ್ತೆಂಟು, ಮೂರು. ಚೆಂಡು ನಮ್ಮವರದು, ನಾಲ್ಕನೆಯ ಯತ್ನ, ಬೇಕಾಗಿದ್ದದ್ದು ಒಂದು ಗಜಕ್ಕಿಂತ ಕಮ್ಮಿ. ಸಿಕ್ಕದಿದ್ದರೆ ಎದುರಾಳಿಗಳು ಚೆಂಡು ತೆಗೆದುಕೊಂಡು ಸಮಯ ಕಳೆದುಬಿಡುತ್ತಾರೆ. ಈ ಊರಿನ ಹುಡುಗರ ಕೈಗೆ ಚೆಂಡು ಮತ್ತೆ ಬರುವುದೇ ಇಲ್ಲ. ಇಪ್ಪತ್ತೆರಡನೆಯ ನಂಬರಿನ ಗಿಡ್ಡ ಹುಡುಗ ಚೆಂಡು ಅವುಚಿ ತಲೆ ಬಗ್ಗಿಸಿ ನುಗ್ಗಿದ. ಹತ್ತಾರು ಜನ ಅವನ ಮೇಲೆ ಬಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ನೋಡಿದ ರೆಫರಿ ಎರಡೂ ಕೈಯೆತ್ತಿ ಸರಪಳಿ ತರಲು ಕರೆದ.

ನಾನೂರು ಜನ ಒಮ್ಮೆಗೇ ಸುಮ್ಮನಾದರು. ಬೆಂಚಿನ ಹುಡುಗರು ಎದ್ದು ಸಾಲಾಗಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಸರಪಳಿ ಓಡಿಬಂತು, ಮುಂದೊಬ್ಬ, ಹಿಂದೊಬ್ಬ, ನಡುವೆ ಕೆಂಪು ಕೈಗವಸಿನ ಡೆಲ್ಬರ್ಟ್, ಬೊಜ್ಜು ಕುಲುಕಿಸುತ್ತ. ಚೆಂಡು ಬಿದ್ದದ್ದು ಈ ಬದಿಗೆ ಹತ್ತಿರದಲ್ಲೇ. ಎಲ್ಲರ ಕಣ್ಣೂ ಚೆಂಡಿನ ಪಕ್ಕ ನಿಲ್ಲುವ ಮುಂದಿನ ಕೋಲಿನ ಮೇಲೆ. ಹಿಂದೆ ಮಂಡಿಯೂರಿದ ಕ್ಲಿಪ್ಪಿನವನನ್ನು ಯಾರು ನೋಡುತ್ತಾರೆ? ರೆಫರಿಯೂ ನೋಡಲಿಲ್ಲ. ಲೀಲಂಡ್ ನೋಡಿದ. ಅವನಿಗೆ ಬೇರೆ ಕಡೆ ನೋಡಿ ಗೊತ್ತಿರಲಿಲ್ಲ.

ಡೆಲ್ಬರ್ಟನ ಕೆಂಪು ಕೈ ಬಿಳಿ ಗೆರೆಗೆ ತಾಗಿರಲಿಲ್ಲ. ಹಿಂದಂಚಿಗೂ ಹಿಂದೆ, ಹುಲ್ಲಿನ ಮೇಲೆ ಇತ್ತು. ಕೈಗೂ ಗೆರೆಗೂ ನಡುವೆ ನಾಲ್ಕು ಬೆರಳಗಲ ಹಸಿರು ಕಾಣುತ್ತಿತ್ತು. ಅವನು ಅಷ್ಟು ಹಿಂದೆ ಹಿಡಿದರೆ ಮುಂದಿನ ಕೋಲೂ ಅಷ್ಟೇ ಹಿಂದೆ ಬರುತ್ತದೆ, ಹತ್ತು ಗಜ ಮುಟ್ಟದ ಚೆಂಡೂ ಮುಟ್ಟಿದಂತೆ ಕಾಣುತ್ತದೆ.

ಲೀಲಂಡ್ ಅರ್ಧ ಎದ್ದಿದ್ದ. "ಡೆಲ್ಬರ್ಟ್, ಮುಂದಕ್ಕೆ" ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೂಗಬೇಕಾಗಿಯೂ ಇರಲಿಲ್ಲ, ಆ ಮೌನದಲ್ಲಿ ಮೆಲ್ಲಗೆ ಅಂದರೂ ಮೈದಾನಕ್ಕೆ ಕೇಳುತ್ತಿತ್ತು. ರೆಫರಿಗೆ ಅವನ ದನಿ ಗೊತ್ತು, ಅವನ ಮಾತಿನ ಮೇಲೆ ಮತ್ತೆ ಅಳೆಸುತ್ತಿದ್ದ. ಮಾರ್ಜೀನಳ ಕೈ ಯಾವಾಗಲೋ ಬಂದು ಅವನ ಮುಂಗೈಯನ್ನು ಹಿಡಿದಿತ್ತು. ಅವಳ ಕಣ್ಣು ಎಲ್ಲರಂತೆ ಚೆಂಡಿನ ಮೇಲಿತ್ತು, ತುಟಿ ಏನನ್ನೋ ಬೇಡಿಕೊಳ್ಳುತ್ತಿತ್ತು. ಕೆಳಗೆ ಹುಡುಗರು ಕೈ ಹಿಡಿದುಕೊಂಡೇ ನಿಂತಿದ್ದರು. ಮೂವತ್ತೆಂಟು, ಮೂರು. ಯಾವ ಪ್ರಶಸ್ತಿಯೂ ಇಲ್ಲ, ಯಾರಿಗೂ ನಷ್ಟವೂ ಇಲ್ಲ. ಆದರೂ ಕಮ್ಮಿ ಅಂದರೆ ಕಮ್ಮಿಯೇ ಎಂದು ಅವನಿಗಿಂತ ಚೆನ್ನಾಗಿ ತಿಳಿದವರು ಆ ಊರಿನಲ್ಲಿ ಇರಲಿಲ್ಲ.

ಸರಪಳಿ ಬಿಗಿಯಾಯಿತು. ಕೋಲು ಚೆಂಡಿನ ಮೂತಿಗಿಂತ ಕೂದಲೆಳೆಯಷ್ಟು ಹಿಂದೆ ನಿಂತಿತು. ರೆಫರಿ ಕೈ ನೀಡಿ ಮುಂದಕ್ಕೆ ತೋರಿಸಿದ.

ಲೀಲಂಡ್ ಕೂಗಿದ. ಅದೆಲ್ಲಿತ್ತೋ ಅಷ್ಟು ದೊಡ್ಡ ದನಿ. ಮುಂದಿನ ಸಾಲಿನವಳು ಕಿವಿ ಮುಚ್ಚಿಕೊಂಡಳು, ಬೆಂಚಿನ ಹುಡುಗರಿಬ್ಬರು ತಿರುಗಿ ನೋಡಿದರು. ಅವನು ನಿಲ್ಲಿಸಲಿಲ್ಲ. ಮೂವತ್ತನಾಲ್ಕು ವರ್ಷದ ಒಂದೊಂದು ಆಟದ್ದನ್ನೂ, ಗೆದ್ದದ್ದನ್ನೂ ಸೋತದ್ದನ್ನೂ, ಅಲ್ಲಿಯೇ ನಿಂತು ಕೂಗಿ ಮುಗಿಸುವವನ ಹಾಗೆ ಕೂಗಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮಾರ್ಜೀನ್ ಬೆಂಚಿನ ಮೇಲೆ ಹತ್ತಿ ನಿಂತು ಅವನ ಟೊಪ್ಪಿಗೆ ಕಿತ್ತು ಬೀಸುತ್ತಿದ್ದಳು. ಗ್ರಂಥಾಲಯದ ಹೆಂಗಸು ಇವಳೇನಾ ಎಂದು ಜನ ಆಮೇಲೆ ಎಷ್ಟೋ ದಿನ ಆಡಿಕೊಂಡರು.

ಉಳಿದ ಸಮಯದಲ್ಲಿ ಹುಡುಗರು ಚೆಂಡು ಹಿಡಿದು ಹನ್ನೊಂದು ಗಜ ಹೋದರು. ಅಷ್ಟರಲ್ಲಿ ಗಡಿಯಾರ ನಿಂತಿತು. ಚೆಂಡು ಅವರ ಕೈಯಲ್ಲಿರುವಾಗಲೇ ಆಟ ಮುಗಿಯಿತು. ಇಪ್ಪತ್ತೆರಡನೆಯ ನಂಬರಿನವನು ಅದನ್ನು ರೆಫರಿಗೆ ಕೊಡಲಿಲ್ಲ. ರೆಫರಿಯೂ ಕೇಳಲಿಲ್ಲ.

ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದ ಡೆಲ್ಬರ್ಟ್ ಕೆಳಗಿನಿಂದಲೇ ಕೇಳಿದ: "ಹೆಂಗಿತ್ತು ಭಾವ? ನೀನು ಹೇಳಿದ ಹಾಗೇ ಹಿಡಿದೆ ತಾನೇ? ಹಿಂದೆ ಅಂದಿದ್ದೆ, ಚೆನ್ನಾಗೇ ಹಿಂದೆ ಹಿಡಿದೆ!"

ಅವನ ಮುಖದಲ್ಲಿ ತುಂಟತನವಿತ್ತೋ ಬರೀ ಚಳಿಯಿತ್ತೋ ಹೇಳುವುದು ಕಷ್ಟ. ಲೀಲಂಡ್ ತಲೆಯಾಡಿಸಿದ, ಅಷ್ಟೆ.

ಮನೆಗೆ ಎಂಟು ನಿಮಿಷದ ದಾರಿ. ಸೂರ್ಯ ಧಾನ್ಯದ ಕಣಜಗಳ ಹಿಂದೆ ಇಳಿಯುತ್ತಿದ್ದ, ಕಾರುಗಳು ಒಂದೊಂದಾಗಿ ಅವರನ್ನು ದಾಟಿ ಹೋದವು. ಅಂಚೆ ಕಚೇರಿಯ ತಿರುವಿನವರೆಗೆ ಇಬ್ಬರೂ ನಡೆದರು. ಅಲ್ಲಿ ಮಾರ್ಜೀನ್ ನಿಂತಳು.

"ನಿಜ ಹೇಳು ಲೀಲಂಡ್. ಮುಟ್ಟಿತ್ತಾ?"

ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ, ಎಲ್ಲ ಅಲ್ಲೇ ಖರ್ಚಾಗಿತ್ತು. ಎರಡು ಸಲ ಯತ್ನಿಸಿ, ಸೋತು, ಬಲಗೈಯನ್ನು ಅವಳ ಮುಂದೆ ಹಿಡಿದ. ಹೆಬ್ಬೆರಳು ಮಡಚಿ, ಉಳಿದ ನಾಲ್ಕು ಬೆರಳನ್ನು ಒತ್ತಾಗಿ ಜೋಡಿಸಿ, ಅಡ್ಡಲಾಗಿ, ಅಳತೆ ತೋರಿಸುವವನ ಹಾಗೆ. ಚಳಿಗೆ ಅವು ಕೆಂಪಾಗಿದ್ದವು.

ಮಾರ್ಜೀನ್ ಆ ನಾಲ್ಕು ಬೆರಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅವನ್ನು ಹಾಗೆಯೇ ಹಿಡಿದು, ತನ್ನ ನೀಲಿ ಕೋಟಿನ ಜೇಬಿನೊಳಗೆ ಇಟ್ಟುಕೊಂಡು ನಡೆಯತೊಡಗಿದಳು.