ಪಕ್ಕದಿಂದ ನೋಡುವ ದುರ್ಬೀನು

ಡೈರಿಗೆ ಹಾಲು ಹಾಕಿ ಬಂದ ಜಯಲಕ್ಷ್ಮಮ್ಮ ಖಾಲಿ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿದ ಸದ್ದಿಗೇ, ಏನೋ ಆಗಿದೆ ಎಂದು ಮಗಳು ರಂಜಿತಳಿಗೆ ಗೊತ್ತಾಯಿತು.

"ಅದೇನೆ ರಂಜೀ, ದಿನಾ ಸಂಜೆ ಪಕ್ಕದ ಪ್ರಮೀಳಕ್ಕನ ಮನೆ ಕಡೀಕೆ ಕಣ್ಣಿಟ್ಕಂಡು ನಿಂತ್ಕತೀಯಂತೆ? ಡೈರಿ ತಾವ ಎಲ್ಲಾರ ಮುಂದ್ಲೂ ಕೇಳುದ್ಲು ಕಣೆ. 'ನಿನ್ ಮಗ್ಳು ಚುಕ್ಕಿ ನೋಡ್ತಾಳೋ, ನಮ್ಮನೇಲಿ ಏನ್ ಸಾರು ಅಂತ ನೋಡ್ತಾಳೋ' ಅಂತ. ಎಲ್ಲಾ ನಗ್ತಾವ್ರೆ."

"ಇಲ್ಲ ಕಣವ್ವ. ಅದು ಆಕಾಶ ನೋಡೋದು."

"ಆಕಾಸ ಮ್ಯಾಗಿರ್ತದೆ. ನಿನ್ ಮಖ ಪಡುವಲಕ್ಕಿರ್ತದೆ. ನಾನೇ ನೋಡಿವ್ನಿ."

ಅವ್ವ ಹೇಳಿದ್ದು ಸುಳ್ಳೇನಲ್ಲ.

ಸಿಂಧಘಟ್ಟದಿಂದ ಕೆ.ಆರ್. ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದವಳು ಅವಳು. ತರಗತಿಯಲ್ಲಿ ಅವಳ ದನಿ ಕೇಳಿದವರು ಕಮ್ಮಿ. ಹಾಜರಿ ಕೂಗಿದಾಗಲೂ ಪಕ್ಕದವಳು ಮೊಣಕೈಯಲ್ಲಿ ತಿವಿದು "ಜೋರಾಗಿ ಹೇಳೇ" ಅನ್ನಬೇಕಿತ್ತು. ಅಂಥವಳು ಹೋದ ತಿಂಗಳು ಭೌತಶಾಸ್ತ್ರದ ರಾಘವೇಂದ್ರ ಮೇಷ್ಟ್ರನ್ನು ಹುಡುಕಿಕೊಂಡು ಹೋಗಿ, ಟೆಲಿಸ್ಕೋಪು ಕೊಳ್ಳಬೇಕು, ಯಾವುದೆಂದು ತಿಳಿಯುತ್ತಿಲ್ಲ ಎಂದು ಕೇಳಿಬಿಟ್ಟಿದ್ದಳು. ಮೇಷ್ಟ್ರಿಗೆ ಎಷ್ಟು ಖುಷಿಯಾಯಿತೆಂದರೆ, ತಮ್ಮಲ್ಲಿದ್ದ ಎರಡನ್ನೂ ಕೊಟ್ಟು ಕಳಿಸಿದರು.

"ಎರಡೂ ಹೆಚ್ಚುಕಮ್ಮಿ ಒಂದೇ ಬೆಲೆ ಕಣಮ್ಮ. ಇಂಟರ್‌ನೆಟ್ಟಲ್ಲಿ ಓದಿ ತಲೆ ಕೆಡಿಸ್ಕೋಬೇಡ. ಮನೆ ಮೇಲೆ ಇಟ್ಕೊಂಡು ನೋಡು. ಯಾವುದನ್ನ ದಿನಾ ಹೊತ್ಕೊಂಡು ಮೆಟ್ಟಿಲು ಹತ್ತೋಣ ಅನ್ಸುತ್ತೋ, ಅದನ್ನೇ ತಗೋ."

ಒಂದು ಮಸೂರದ್ದು. ತೆಳ್ಳಗೆ, ಉದ್ದಕ್ಕೆ, ಮುಕ್ಕಾಲಿಯ ಮೇಲೆ ನಿಲ್ಲುವಂಥದ್ದು. ಕೆಳತುದಿಯಲ್ಲಿ ಕಣ್ಣಿಡಬೇಕು, ನೆತ್ತಿಯ ಹತ್ತಿರದ್ದನ್ನು ನೋಡುವುದಾದರೆ ನೆಲದ ಮೇಲೇ ಕೂರಬೇಕು. ತಾರಸಿಯ ಮೋಟುಗೋಡೆಯ ಮರೆ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ರಂಜಿತಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು.

ಇನ್ನೊಂದು ಕನ್ನಡಿಯದು. ಡೋಲಿನಂಥ ದಪ್ಪ ಕೊಳವೆ. ಸ್ಟೂಲಿನ ಮೇಲೆ ಕೂರಿಸಬೇಕು. ಬೆಳಕು ಬಾಯಿಂದ ಒಳಗಿಳಿದು, ತಳದ ಕನ್ನಡಿಗೆ ತಾಗಿ ವಾಪಸು ಬಂದು, ಮೇಲ್ತುದಿಯ ಪಕ್ಕದಲ್ಲಿರುವ ತೂತಿನಿಂದ ಹೊರಬೀಳುತ್ತದೆ. ಕೊಳವೆ ಆಕಾಶಕ್ಕೆ ಬಾಯಿ ತೆರೆದಿದ್ದರೂ ನೋಡುವವಳು ಪಕ್ಕದಲ್ಲಿ ನಿಂತು ಅಡ್ಡಕ್ಕೆ ಕಣ್ಣಿಡಬೇಕು. ಅವರ ತಾರಸಿಯಲ್ಲಿ ಪೂರ್ವಕ್ಕೆ ತೆಂಗಿನ ಗರಿ, ಉತ್ತರಕ್ಕೆ ನೀರಿನ ಟ್ಯಾಂಕು, ದಕ್ಷಿಣಕ್ಕೆ ಮೆಟ್ಟಿಲು. ಉಳಿದದ್ದು ಪಡುವಲ ಅಂಚು. ಅಲ್ಲಿ ನಿಂತರೆ ಮುಖ ಪ್ರಮೀಳಮ್ಮನ ತಾರಸಿಗೆ ನೆಟ್ಟಗೆ ಎದುರಾಗುತ್ತಿತ್ತು.

ಆದರೆ ಕಾಣುವುದು! ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯ ನಡುವಿನ ನೀಹಾರಿಕೆ ಮಸೂರದ್ದರಲ್ಲಿ ಸರಿಯಾಗಿ ಒರೆಸದೆ ಬಿಟ್ಟ ಬಳಪದ ಗುರುತಿನಂತಿತ್ತು. ಕನ್ನಡಿಯದರಲ್ಲಿ ಅದೇ ರೆಕ್ಕೆ ಬಿಚ್ಚಿದ ಮಂಜಾಯಿತು. ಮಂಜಿನೊಳಗೆ ಸೂಜಿಮೊನೆಯಷ್ಟು ನಾಲ್ಕು ನಕ್ಷತ್ರ. ಮೊದಲ ಸಲ ಕಂಡಾಗ ಅವಳು ಉಸಿರು ಬಿಡುವುದನ್ನೇ ಮರೆತಿದ್ದಳು.

"ಆ ಸಣ್ಣುದ್ನೇ ತಗೊ," ಅಂದರು ಜಯಲಕ್ಷ್ಮಮ್ಮ. "ಕುಂತ್ಕಂಡು ನೋಡು. ಯಾರೂ ಏನೂ ಅನ್ನಾಕಿಲ್ಲ. ಆ ದಪ್ಪುದ್ನ ಮೇಷ್ಟ್ರುಗೆ ಕೊಟ್ಬುಡು."

"ಹೂಂ," ಅಂದಳು ರಂಜಿತ. ಹೂಂ ಅನ್ನುವುದು ಅವಳಿಗೆ ಸುಲಭ.

ಹೂಂ ಅಂದವಳು ಸಿಟ್ಟಿನಲ್ಲೇ ತಾರಸಿ ಹತ್ತಿದಳು. ಪ್ರಮೀಳಮ್ಮನ ತಾರಸಿಯತ್ತ ಈ ಸಲ ಬೇಕೆಂದೇ ನೋಡಿದಳು. ಹಗ್ಗ ಬರಿದಾಗಿತ್ತು. ಕತ್ತಲಾಗುವ ಹೊತ್ತಿಗೆ ಅಲ್ಲಿ ಬಟ್ಟೆ ಇರಬೇಕಿತ್ತಲ್ಲ, ಅನ್ನಿಸಿತು. ಆ ಮನೆಯ ಸೊಸೆ ಸಹನ, ನಾಗಮಂಗಲದ ಕಡೆಯವಳು, ಬಟ್ಟೆ ತೆಗೆಯುವ ನೆಪದಲ್ಲಿ ಏಳು ಗಂಟೆಗೆ ಮೇಲೆ ಬರುತ್ತಿದ್ದಳು. ಒಂದೊಂದೇ ಬಟ್ಟೆ ತೆಗೆಯುತ್ತ, ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಒತ್ತಿಕೊಂಡು ತವರಿನ ಜೊತೆ ಮಾತಾಡುತ್ತಿದ್ದಳು. ಏನೆಂದು ಕೇಳಿಸುತ್ತಿರಲಿಲ್ಲ. ಒಂದು ದಿನ ನಗು, ಒಂದು ದಿನ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು. ಕೆಳಗೆ ಅತ್ತೆಯ ಎದುರು ಅದೆರಡಕ್ಕೂ ಜಾಗವಿರಲಿಲ್ಲವೇನೋ.

ಕನ್ನಡಿಯ ದುರ್ಬೀನು ಬಂದ ಮೇಲೆ ಸಹನ ಸಂಜೆ ತಾರಸಿಗೆ ಬಂದೇ ಇಲ್ಲ.

ರಂಜಿತ ಖಾಲಿ ಸ್ಟೂಲಿನ ಮೇಲೆ ಕೂತಳು. ಡೈರಿಯ ನಗುವಿಗಿಂತ ಇದು ಹೆಚ್ಚು ಚುಚ್ಚಿತು. ಟ್ಯಾಂಕಿನ ಹಿಂದೆ ಕೂತು ದಿನಚರಿ ಬರೆಯುವವಳು ಅವಳು. ಯಾರೂ ನೋಡದ ಒಂದು ಮೂಲೆ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಸೂರದ್ದನ್ನೇ ಕೊಂಡರೆ ಎಲ್ಲ ಸರಿಹೋಗುತ್ತದೆ. ಆ ಮಂಜು ಮಾತ್ರ ಬಳಪದ ಗುರುತಾಗಿಯೇ ಉಳಿಯುತ್ತದೆ. ಆ ಮಂಜೂ ಸಹನಳ ಮೂಲೆಯೂ ಎರಡೂ ಉಳಿಯಬೇಕಾದರೆ ಆ ಮನೆಗೆ ಹೋಗಿ ಬಾಯಿ ಬಿಟ್ಟು ಮಾತಾಡಬೇಕು.

ಮಾರನೆಯ ಮಧ್ಯಾಹ್ನ ಹೋದಳು.

ನಡುಮನೆಯಲ್ಲಿ ಅತ್ತೆ ಸೊಸೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು.

"ಏನವ್ವಾ," ಅಂದರು ಪ್ರಮೀಳಮ್ಮ, "ಮ್ಯಾಗಿಂದ ನೋಡಿದ್ದು ಸಾಲ್ದು ಅಂತ ಒಳೀಕೇ ಬಂದ್ಯಾ?"

ಬಾಗಿಲಲ್ಲೇ ತಿರುಗಿ ಓಡಬೇಕೆನಿಸಿತು. ಕಾಲು ಒಳಗೆ ಹೋಯಿತು. ಚಾಪೆಯ ಅಂಚಿನಲ್ಲಿ ಕೂತು ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು. ಕೈಗೆ ಕೆಲಸ ಸಿಕ್ಕಿದ ಮೇಲೆ ಬಾಯಿ ಬಂತು.

"ದೊಡ್ಡವ್ವ, ಅದ್ರಲ್ಲಿ ಕನ್ನಡಿ ಐತೆ. ಕಣ್ಣು ಪಕ್ಕದಿಂದ ಇಡ್ಬೇಕು. ನಿಮ್ ಕಡೆ ನೋಡ್ದಂಗೆ ಕಾಣ್ತದೆ. ನಂಗೆ ಕಾಣೋದು ಮೇಲಿಂದು."

"ಮಖ ನಮ್ ಕಡೆ, ನೋಟ ಮ್ಯಾಲೆ! ನಮ್ಮೆಜಮಾನ್ರೂ ಮದ್ವೆ ಹೊಸ್ದ್ರಲ್ಲಿ ಇಂಗೇ ಏಳ್ತಿದ್ರು ಕಣವ್ವ."

ಸಹನ ತಲೆ ತಗ್ಗಿಸಿ ನಕ್ಕಳು. ರಂಜಿತ ಅವಳತ್ತ ತಿರುಗಿದಳು. ನಿಮ್ಮ ಫೋನಿನ ಹೊತ್ತನ್ನು ಕಿತ್ತುಕೊಂಡುಬಿಟ್ಟೆ ಅತ್ತಿಗೆ, ಎಂದು ಹೇಳಲು ರಾತ್ರಿಯೆಲ್ಲ ಹೊಂದಿಸಿಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಹನಳ ನಗು ನಿಂತಿತು. ಬೆರಳ ನಡುವಿನ ಕಾಳು ಹಾಗೇ ಉಳಿಯಿತು. ಫೋನಿನ ವಿಷಯ ಅತ್ತೆಗೆ ಗೊತ್ತಿಲ್ಲವೆಂದು ಹೊಳೆದು ರಂಜಿತ ಆ ಮಾತನ್ನು ನುಂಗಿದಳು.

"ಅತ್ತಿಗೆ, ನೀವು ಬಟ್ಟೆ ಎತ್ಕೊಳಾಕೆ ಯಾವೊತ್ತಿಗೆ ಬರ್ತಿದ್ರಿ?"

ಸಹನ ಅವಳನ್ನೇ ನೋಡಿದಳು.

"ಏಳು ಗಂಟೆಗೆ. ಅರ್ಧ ಗಂಟೆ ಆಗೋದು."

"ಹಂಗಾದ್ರೆ ನಾನು ಏಳೂವರೆ ಆದ್ಮೇಲೆ ಬರ್ತೀನಿ. ಅದಕ್ಕೆ ಮುಂಚೆ ನಮ್ ತಾರಸೀಲಿ ಯಾರೂ ಇರಾಕಿಲ್ಲ."

"ನಾಕು ಬಟ್ಟೆ ತೆಗಿಯಾಕೆ ಅರ್ಧ ಗಂಟ್ಯಾ?" ಪ್ರಮೀಳಮ್ಮ ಹುಬ್ಬೇರಿಸಿದರು. "ಅಷ್ಟೊತ್ಗಂಟ ಬುಟ್ರೆ ಇಬ್ಬನಿ ಬೀಳಾಕಿಲ್ವಾ?"

"ಬೆಡ್‌ಶೀಟು ಬೇಗ ಒಣಗಾಕಿಲ್ಲ ಅತ್ತೆ," ಅಂದಳು ಸಹನ, ಕಾಳಿನಿಂದ ಕಣ್ಣೆತ್ತದೆ.

"ಏನಾರ ಮಾಡ್ಕಳಿ. ಚುಕ್ಕಿ ನೋಡೋಳಂತೆ, ಬಟ್ಟೆ ಕಾಯೋಳಂತೆ."

ಹೊರಗೆ ಬಂದವಳೇ ಮೇಷ್ಟ್ರಿಗೆ ಫೋನು ಮಾಡಿದಳು. "ಕನ್ನಡಿದೇ ಸರ್."

"ನಂಗೊತ್ತಿತ್ತು! ಒಂದು ಹೇಳೋದು ಮರ್ತಿದ್ದೆ ಕಣಮ್ಮ. ನೋಡೋಕೆ ಅರ್ಧ ಗಂಟೆ ಮೊದಲೇ ಅದನ್ನ ಹೊರಗಿಟ್ಟುಬಿಡು. ಮನೆಯೊಳಗಿನ ಬಿಸಿ ಕನ್ನಡಿಯಿಂದ ಹೋಗ್ಬೇಕು. ಇಲ್ದಿದ್ರೆ ಎಲ್ಲಾ ನೀರೊಳಗಿದ್ದಂಗೆ ಅಲ್ಲಾಡುತ್ತೆ."

ಆ ಸಂಜೆ ಏಳಕ್ಕೆ ಮುಂಚೆಯೇ ಕೊಳವೆಯನ್ನು ಮೇಲೆ ಕೂರಿಸಿ, ಕಣ್ಣಿಡುವ ತೂತಿಗೆ ಬಿರಡೆ ಹಾಕಿ, ತೆಂಗಿನ ಕಡೆಗೆ ತಿರುಗಿಸಿಟ್ಟು ರಂಜಿತ ಕೆಳಗಿಳಿದಳು.

"ಯಾಕೆ ಇಳ್ದ್ಬಂದೆ?" ಅಂದರು ಅವ್ವ. "ಮತ್ ಯಾರಾರ ಏನಾರ ಅಂದ್ರಾ?"

"ಇಲ್ಲ ಕಣವ್ವ. ಅದು ತಣ್ಣಗಾಗ್ಬೇಕು."

"ಅದೇನು ಮುದ್ದೆ ಎಸರಾ?"

ರಂಜಿತ ಮೆಟ್ಟಿಲ ಮೇಲೆ ಕೂತಳು. ಪಕ್ಕದ ತಾರಸಿಯಲ್ಲಿ ಹೆಜ್ಜೆ ಸಪ್ಪಳ, ಆಮೇಲೆ ಬಹಳ ಹೊತ್ತು ತಗ್ಗಿದ ದನಿ. ನಗುವೋ ಅಳುವೋ ತಿಳಿಯಲಿಲ್ಲ; ತಿಳಿಯಲು ಅವಳು ಕಿವಿಗೊಡಲೂ ಇಲ್ಲ. ಏಳೂವರೆ ದಾಟಿತು. ಅವಳು ಏಳಲಿಲ್ಲ.

ಕೊನೆಗೆ ಆ ಕಡೆಯ ಮೋಟುಗೋಡೆಯ ಮೇಲಿಂದ ಸಹನ ಬಾಗಿ ಕೂಗಿದಳು.

"ರಂಜೀ, ನಂದಾಯ್ತು ಕಣೆ. ಬಾ ಮೇಲಕ್ಕೆ."